ಬೆರಳು ಬೇಡದ ಸ್ವರ

ನಮ್ಮ ಮನೆಯವರಿಗೆ ಹಟ ಜಾಸ್ತಿ. ಹಗಲೆಲ್ಲ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು, ಸಂಜೆ ಕೊಳಲು ಕಲಿಸುತ್ತಿದ್ದರು. ಗೆರೆ ಎಳೆಯಲು ಒಂದು ದಿನವೂ ಸ್ಕೇಲು ಮುಟ್ಟಿದವರಲ್ಲ. ಶಿಷ್ಯರ ಸ್ವರ ಒಂಚೂರು ಅಲುಗಿದರೂ, "ನಡುಗಿಸಬೇಡ ಅಂತ ಎಷ್ಟು ಸಲ ಹೇಳಲಿ!" ಎಂದು ಸೂರು ಹಾರಿಹೋಗುವಂತೆ ಕೂಗುತ್ತಿದ್ದರು. ನನಗಂತೂ ಕೊಳಲು ಒರೆಸಲೂ ಬಿಡುತ್ತಿರಲಿಲ್ಲ. ನನ್ನದು ಎಣ್ಣೆ ಕೈಯಂತೆ!

ಅಂಥವರ ಕೈಗೇ ನಡುಕದ ಕಾಯಿಲೆ ಬಂತು. ಮೊದಲು ಕುಂಚ ಕೈಬಿಟ್ಟಿತು, ಆಮೇಲೆ ಅಂಗಿಯ ಗುಂಡಿ. ಈಗ ಲೋಟಕ್ಕೆ ಅರ್ಧ ಮಾತ್ರ ನೀರು ಹಾಕಿ ಕೊಡುತ್ತೇನೆ. ಉಸಿರು ಮಾತ್ರ ಗಟ್ಟಿಯಾಗಿದೆ. ನನ್ನ ಮೇಲೆ ರೇಗುವಾಗ ಬೀದಿಗೆಲ್ಲ ಕೇಳಿಸುತ್ತದೆ.

ಶಿಷ್ಯರು ಅವರಿಗೆ ಸನ್ಮಾನ ಇಟ್ಟುಕೊಂಡರು. ಹಿರಿಯ ಶಿಷ್ಯೆ ಮನೆಗೇ ಬಂದು, "ಮೇಷ್ಟ್ರೇ, ನೀವು ಸುಮ್ನೆ ಕೂತ್ಕೊಂಡ್ರೆ ಸಾಕು. ನಿಮ್ಮ ಹಳೇ ರೆಕಾರ್ಡಿಂಗ್ ಹಾಕ್ತೀವಿ" ಎಂದಳು.

"ಯಾಕೆ, ನಾನೇನು ಸತ್ತುಹೋಗಿದೀನಾ? ನುಡಿಸೋದಾದ್ರೆ ಬರ್ತೀನಿ, ಇಲ್ಲಾಂದ್ರೆ ಇಲ್ಲ."

ಅವರ ಬೆರಳು ಕೊಳಲಿನ ತೂತಿನ ಮೇಲೆ ನಿಲ್ಲುವುದೇ ಇಲ್ಲ. ಅಷ್ಟು ಜನರೆದುರು ಸ್ವರ ಒಡೆದರೆ ಈ ಮನುಷ್ಯ ಮತ್ತೆ ಕೊಳಲು ಮುಟ್ಟುವುದಿಲ್ಲ, ನನಗೆ ಗೊತ್ತು. "ರೀ, ಕೂತು ಕೇಳೋದಕ್ಕೇನು ಕಷ್ಟ ನಿಮಗೆ?" ಎಂದೆ. ಅಷ್ಟಕ್ಕೇ ಮಾತು ಬಿಟ್ಟರು. ಊಟಕ್ಕೆ ಕರೆದರೆ ಗೋಡೆ ನೋಡುತ್ತಿದ್ದರು.

ಒಂದು ಬೆಳಿಗ್ಗೆ ಅವರೇ ಕರೆದರು. "ಬಾರೇ ಇಲ್ಲಿ. ಎಲ್ಲ ತೂತೂ ತೆರೆದು ಊದಿದ್ರೆ ಒಂದು ಸ್ವರ ಬರುತ್ತೆ. ಅದಕ್ಕೆ ಬೆರಳೇ ಬೇಡ. ಕೊಳಲು ಹಿಡ್ಕೊಳ್ಳೋರು ಒಬ್ರು ಬೇಕು."

"ಅಷ್ಟು ಜನ ಶಿಷ್ಯರಿದಾರಲ್ಲ?"

"ಅವರು ನುಡಿಸ್ಬೇಕಲ್ಲೇ! ನಾನು ಅದೊಂದೇ ಸ್ವರ ಹಿಡಿದಿರ್ತೀನಿ, ಅದರ ಮೇಲೆ ಅವರ ಹಾಡು."

ಅಬ್ಬಾ, ಇಷ್ಟು ವರ್ಷ ಮುಟ್ಟಬೇಡ ಎಂದ ಮಹಾನುಭಾವರು! ನಾನು ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡು ಬಂದೆ.

ಸನ್ಮಾನದ ದಿನ ವೇದಿಕೆಯ ಮೇಲೆ, ಅವರ ಕುರ್ಚಿಯ ಪಕ್ಕ ಮಂಡಿಯೂರಿ ಕೊಳಲಿನ ಎರಡೂ ತುದಿ ಹಿಡಿದೆ. ಅವರ ಕೈಗಳು ತೊಡೆಯ ಮೇಲೆ ನಡುಗುತ್ತಲೇ ಇದ್ದವು. ಸ್ವರ ಮಾತ್ರ ಅವರು ಹಿಂದೆ ಎಳೆಯುತ್ತಿದ್ದ ಗೆರೆಯ ಹಾಗೆ ನೇರ. ಉಸಿರು ತೆಗೆದುಕೊಂಡು ಮತ್ತೆ ಮತ್ತೆ ಅದನ್ನೇ ಹಿಡಿದರು. ಶಿಷ್ಯರ ಹಾಡು ಅದರ ಮೇಲೆ ನಿರಾಳವಾಗಿ ನಡೆಯಿತು. ಹೆಮ್ಮೆ, ಅಳು ಎರಡೂ ನನಗೆ ಒಟ್ಟೊಟ್ಟಿಗೇ ಬಂದವು. ಹಾಡು ಮುಗಿಯುವ ಹೊತ್ತಿಗೆ ಸ್ವರ ಅಲುಗಿತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅವರು ನನ್ನತ್ತ ತಿರುಗಿ ಗದರಿದರು: "ನಡುಗಿಸಬೇಡ ಅಂತ ಎಷ್ಟು ಸಲ ಹೇಳಲಿ!"

ಈ ಸಲ ನಡುಗಿದ್ದು ನನ್ನ ಕೈ.