ಹಿಡಿಯುವವಳ ತಪ್ಪು

ಹಗ್ಗ ಹರಿದರೆ?

ಮೂರು ತಿಂಗಳಿಂದ ನರ್ಮದಾಳಿಗೆ ಇದೊಂದೇ ಚಿಂತೆ. ಕುಕ್ಕರಿಗೆ ಅಕ್ಕಿ ಹಾಕುವಾಗಲೂ ಅದೇ, ಹಿತ್ತಲಲ್ಲಿ ಬಟ್ಟೆ ಹಿಂಡುವಾಗಲೂ ಅದೇ. ಒಂಬತ್ತು ವರ್ಷದ ಮಗಳು ಪ್ರಮಿಲಾ, ಮನೆಯವರ ಬಾಯಲ್ಲಿ ಪಮ್ಮಿ, ವಾರಕ್ಕೆ ಮೂರು ದಿನ ಶಾಲೆ ಬಿಟ್ಟ ಮೇಲೆ ಹಗ್ಗ ಹತ್ತುತ್ತಿದ್ದಳು. ಹೈದರಾಬಾದಿನಲ್ಲಿ ಓದಿ ಬೆಳೆದ ನರ್ಮದಾ ಮಗಳಿಗೆ ಸಂಗೀತ ಕಲಿಸಬೇಕೆಂದು ಹಾರ್ಮೋನಿಯಂ ಕೂಡ ತಂದಿಟ್ಟುಕೊಂಡಿದ್ದಳು. ಗಂಡ ಅನಂತ ನೀರಾವರಿ ಇಲಾಖೆಯ ಇಂಜಿನಿಯರ್. ೧೯೯೧ರಲ್ಲಿ ಅವನಿಗೆ ಅಫಜಲಪುರಕ್ಕೆ ವರ್ಗವಾಯಿತು. ಇಲ್ಲಿ ಹುಡುಕಿದರೂ ಸಂಗೀತದ ಮಾಸ್ತರರು ಸಿಗಲಿಲ್ಲ. ಸಿಕ್ಕಿದ್ದು ನಿಂಬೆವ್ವ.

ನಿಂಬೆವ್ವನಿಗೆ ಆಗ ನಲವತ್ತಮೂರು. ಕಚ್ಚೆ ಹಾಕಿ ಬಿಗಿಯಾಗಿ ಉಟ್ಟ ನೂಲಿನ ಸೀರೆ, ಗೂಟ ನೆಟ್ಟಂಥ ಬೆನ್ನು, ಚಪ್ಪಲಿಯ ಅಟ್ಟೆಯಷ್ಟು ದಪ್ಪಗಾದ ಅಂಗೈ. ಅಗಲವಾದ ರಸ್ತೆಯಲ್ಲೂ ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ಅಳೆದಿಟ್ಟಂತೆ ನಡೆಯುತ್ತಿದ್ದಳು. ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಮಾಡಿಸುವುದು ಅವಳ ಕೆಲಸ. ಅದಕ್ಕೂ ಮೊದಲು ಇಪ್ಪತ್ತನಾಲ್ಕು ವರ್ಷ ಸರ್ಕಸ್ಸಿನಲ್ಲಿದ್ದವಳು.

ಅವಳು ಕರಜಗಿಯ ಖಂಡಪ್ಪನ ಮಗಳು. ಸೊಲ್ಲಾಪುರದಲ್ಲಿ ಸರ್ಕಸ್ಸಿನ ಡೇರೆ ಬಿದ್ದಾಗ ಆನೆಗಳಿಗೆಂದು ಖಂಡಪ್ಪ ಲಾರಿಯಲ್ಲಿ ಹಸಿ ಕಬ್ಬಿನ ಸೋಗೆ ಹೇರಿಕೊಂಡು ಹೋಗುತ್ತಿದ್ದ. ಹನ್ನೊಂದು ವರ್ಷದ ಮಗಳು ಹಟ ಹಿಡಿದು ಜೊತೆಗೆ ಹೋದಳು. ಅಪ್ಪ ಸೋಗೆ ಇಳಿಸಿ ತಿರುಗಿ ನೋಡುವುದರೊಳಗೆ ಡೇರೆಯ ಕಂಬ ಹತ್ತಿ ತುದಿಯಲ್ಲಿ ಕುಳಿತಿದ್ದಳು. ಮಾಲಕರು ಬೈಯಲಿಲ್ಲ, ನಕ್ಕರು. ಮುಂದಿನ ವಾರ ಸೋಗೆ ತಂದ ಲಾರಿ ಮಗಳನ್ನು ಅಲ್ಲೇ ಬಿಟ್ಟು ಊರಿಗೆ ಬಂತು. ಸರ್ಕಸ್ಸೇ ಮುಚ್ಚಿದ ಮೇಲೆ, ೧೯೮೩ರಲ್ಲಿ, ಒಂದು ತಗಡಿನ ಪೆಟ್ಟಿಗೆ ಹಿಡಿದು ಅವಳು ಅಣ್ಣನ ಮನೆಗೆ ತಿರುಗಿ ಬಂದಳು. ಅಣ್ಣನ ಹೆಂಡತಿ ಒಂದೇ ವಾರಕ್ಕೆ ಮುಖ ತಿರುಗಿಸಿದಳು. ಜೇವರ್ಗಿಯ ಹಣಮಂತ್ರಾಯರು, ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು, ಎಂದೋ ಅವಳ ಆಟ ನೋಡಿದ್ದವರು. ಕರೆದು ಕೆಲಸ ಕೊಟ್ಟರು, ಶಾಲೆಯ ಹಿಂದಿನ ಖೋಲಿಯನ್ನೂ ಕೊಟ್ಟರು.

ನರ್ಮದಾ ತಾಲೀಮಿನ ಒಂದು ದಿನವನ್ನೂ ತಪ್ಪಿಸುತ್ತಿರಲಿಲ್ಲ. ತಗಡಿನ ಶೆಡ್ಡಿನಲ್ಲಿ ಬೆಂಚಿನ ತುದಿಗೆ ಕುಳಿತು ಸೆರಗಿನ ಅಂಚನ್ನು ಸುತ್ತುತ್ತ ಬಿಚ್ಚುತ್ತ ಇರುತ್ತಿದ್ದಳು.

"ಹಗ್ಗ ಹಳೇದೇನು ನಿಂಬೆವ್ವ?"

"ನಿಮ್ಮ ಮಗಳಿಗಿಂತ ವಯಸ್ಸಿನಾಗ ಸಣ್ಣದದರಿ ಬಾಯಾರ. ದಿನಾ ಮುಂಜಾನಿ ನಾ ಜೋತಾಡಿ ನೋಡ್ತೇನಿ. ನನ್ನ ತೂಕ ತಡದದ್ದು ಈ ಗುಬ್ಬಿಮರಿ ತೂಕ ತಡ್ಯಾಂಗಿಲ್ಲೇನು?"

"ಇನ್ನೊಂದು ಗಾದಿ ಹಾಸಿದ್ರ ಛಲೋ ಇತ್ತು."

"ಹಾಸೋಣಂತ. ನಿಮ್ಮ ಮನಿ ದಿಂಬೂ ತರ್ರಿ. ನೀವೂ ಒಂದೀಟು ಮಕ್ಕೊಂಡೇಳ್ರಿ, ಮಾರಿ ಬಾಡೇದ ನೋಡ್ರಿ."

ಹಗ್ಗದ ಮೇಲಿಂದ ಪಮ್ಮಿ ಕಿಸಕ್ಕನೆ ನಗುತ್ತಿದ್ದಳು.

ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ನಿಂಬೆವ್ವ ಒಂದು ಆಟ ಕಟ್ಟುತ್ತಿದ್ದಳು. ಹೆಸರು 'ಬಾವಿ'. ಅದರಲ್ಲಿ ಬ್ಯಾಂಡಿಲ್ಲ, ಬಣ್ಣದ ದೀಪವಿಲ್ಲ, ಪಲ್ಟಿಗಳಿಲ್ಲ. ಸರ್ಕಸ್ಸಿನಲ್ಲಿದ್ದಷ್ಟು ವರ್ಷ ಅವಳನ್ನು ಕೊರೆದದ್ದು ಇದೇ: ಜನ ಕಣ್ಣು ಬಿಟ್ಟುಕೊಂಡು ನೋಡುವುದು ಇವಳು ಬೀಳುತ್ತಾಳೋ ಇಲ್ಲವೋ ಎಂದು, ಇವಳು ಯಾರು, ಎದೆಯಲ್ಲಿ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ಮೈ ಇಷ್ಟೆಲ್ಲ ಬಾಗುವಾಗ ಒಂದು ಮಾತನ್ನೂ ಹೇಳಲಾರದೇ? ಮಾಲಕರ ಹತ್ತಿರ ಕೇಳಿದಾಗ, "ಮಾತಾಡಾಕ ನಾಟಕದವರು ಇದ್ದಾರ" ಎಂದಿದ್ದರು.

ಚಿಕ್ಕಂದಿನಲ್ಲಿ ಕರಜಗಿಯ ಬಾವಿಗೆ ಕೊಡ ಬಿದ್ದರೆ ಅವಳ ಅವ್ವ ಪಾತಾಳಗರಡಿ ತರುತ್ತಿದ್ದಳು. ಕಬ್ಬಿಣದ ಕೊಕ್ಕೆಗಳ ಆ ಗೊಂಚಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಕಾಣದ ಕೊಡವನ್ನು ಕೈಯಂದಾಜಿನಲ್ಲೇ ಹುಡುಕುತ್ತಿದ್ದಳು. ಆಟದಲ್ಲಿ ಪಮ್ಮಿಯೇ ಪಾತಾಳಗರಡಿ. ತೊಡೆಗೂ ಪಾದಕ್ಕೂ ಹಗ್ಗ ಸುತ್ತಿಕೊಂಡು ತಲೆಕೆಳಗಾಗಿ ನಿಧಾನಕ್ಕೆ ಇಳಿಯಬೇಕು, ಕತ್ತಲ ನೀರಿನಲ್ಲಿ ಬೆರಳಾಡಿಸಬೇಕು. ಕೆಳಗೆ ಗಾದಿಯ ಮೇಲೆ ಮಂಡಿಯೂರಿದ ನಿಂಬೆವ್ವನೇ ಮುಳುಗಿದ ಕೊಡ. ಕೊನೆಗೆ ಪಮ್ಮಿ ಪಾದದ ಸುತ್ತು ಬಿಡಿಸಿಕೊಳ್ಳುತ್ತಾಳೆ, ನಿಂಬೆವ್ವ ಅವಳ ಮಣಿಕಟ್ಟು ಹಿಡಿದು ಮಡಿಲಿಗೆ ಇಳಿಸಿಕೊಳ್ಳುತ್ತಾಳೆ.

"ನೀ ನನ್ನ ಹಿಡೀಬ್ಯಾಡ ಬೇ," ಎಂದು ನಿಂಬೆವ್ವ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. "ನೀ ಕೈ ಚಾಚು, ಸಾಕು. ಹಿಡಿಯಾಕಿ ನಾನು."

ಅವತ್ತು ಬುಧವಾರ. ನರ್ಮದಾ ಒಂದು ತಾಸು ತಡವಾಗಿ ಬಂದಿದ್ದಳು. ಆ ಒಂದು ತಾಸಿನಲ್ಲಿ ನಿಂಬೆವ್ವ ಒಂದು ಹೊಸತನ್ನು ಹೇಳಿಕೊಟ್ಟಿದ್ದಳು: ಹುಡುಕಿ ಹುಡುಕಿ ಸೋತ ಪಾತಾಳಗರಡಿ ಒಂದು ಗಳಿಗೆ ಸುಮ್ಮನಾಗಬೇಕು, ಕೈ ಸತ್ತ ಹಾಗೆ ಜೋಲಬೇಕು, ಕುತ್ತಿಗೆ ಸಡಿಲಾಗಬೇಕು. ಪಮ್ಮಿ ಅದನ್ನು ಎಷ್ಟು ಚೆನ್ನಾಗಿ ಮಾಡಿದಳೆಂದರೆ, ಬೆಂಚಿನ ಮೇಲಿದ್ದ ತಾಯಿಗೆ ಮಗಳ ಜೀವವೇ ಹೋದಂತೆ ಕಂಡಿತು. ನರ್ಮದಾ ಎದ್ದದ್ದೂ ಗೊತ್ತಿಲ್ಲ, ಓಡಿದ್ದೂ ಗೊತ್ತಿಲ್ಲ. ಮಗಳ ಸೊಂಟವನ್ನು ಎರಡೂ ಕೈಯಿಂದ ಬಾಚಿ ತಬ್ಬಿ ತನ್ನ ಕಡೆಗೆ ಎಳೆದಳು. ಹಗ್ಗದ ಸುತ್ತು ಬಿಚ್ಚಿತು. ತಲೆಕೆಳಗಾದ ಮಗುವಿನ ಭಾರ ಅವಳ ಕೈಯಲ್ಲಿ ನಿಲ್ಲಲಿಲ್ಲ. ತಾಯಿ ಮಗಳಿಬ್ಬರೂ ಗಾದಿಯ ಆಚೆ, ಬರೀ ಬಂಡೆಗಲ್ಲಿನ ನೆಲದ ಮೇಲೆ ಬಿದ್ದರು. ನಿಂಬೆವ್ವನ ಕೈಗಳು ಚಾಚಿದಲ್ಲೇ ಇದ್ದವು.

ಪಮ್ಮಿಯ ಎಡ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು. ಗುಲಬರ್ಗಾದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಅನಂತ ಕಾಲುವೆಯ ಕೆಲಸ ಬಿಟ್ಟು, ಬೂಟಿನ ತುಂಬ ಮಣ್ಣು ಮೆತ್ತಿಕೊಂಡೇ ಓಡಿ ಬಂದ.

"ಹ್ಯಾಂಗಾತು ಇದು?"

"ಹಗ್ಗದ ಮ್ಯಾಲಿಂದ ಬಿದ್ದಳು," ಎಂದಳು ನರ್ಮದಾ. ಇನ್ನೇನೋ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ನಿಂಬೆವ್ವ ಮುಂದೆ ಬಂದಳು.

"ತಪ್ಪು ನಂದರಿ ಸಾಹೇಬ್ರ. ಹಿಡಿಯಾಕಿ ನಾ ಇದ್ದೆ."

ತೆರೆದ ಬಾಯಿಯನ್ನು ನರ್ಮದಾ ಮುಚ್ಚಿಕೊಂಡಳು.

ಅನಂತ ಮರುದಿನವೇ ಹಣಮಂತ್ರಾಯರಿಗೆ ದೂರಿನ ಕಾಗದ ಬರೆದು ಕೊಟ್ಟು ಕಳಿಸಿದ. ಸುದ್ದಿ ಕೇಳಿ ಶಾಲೆಯ ಇನ್ನಿಬ್ಬರು ಮಕ್ಕಳ ತಂದೆಯರೂ ದನಿಗೂಡಿಸಿದರು. ಸೋಮವಾರ ಜೇವರ್ಗಿಯಲ್ಲಿ ಮಂಡಳಿ ಕೂಡುವುದು, ನಿಂಬೆವ್ವನನ್ನು ಕೆಲಸದಿಂದ ಬಿಡಿಸಿ ಖೋಲಿ ತೆರವು ಮಾಡಿಸುವುದು ಎಂದು ಶಾಲೆಯ ಜವಾನ ಪೀರಸಾಬ ಸಂತೆಯಲ್ಲಿ ಹೇಳಿದ.

ಶನಿವಾರ ಪಮ್ಮಿಗೆ ಅನ್ನ ಕಲಸಿ ತಿನ್ನಿಸುತ್ತಿರುವಾಗ ಮಗಳು ಕೇಳಿದಳು. "ಅಮ್ಮಾ, ನೀ ಜಗ್ಗಿದಿ ಅಂತ ಪಪ್ಪಾಗ ಯಾಕ ಹೇಳ್ಲಿಲ್ಲ?"

"ಮಾತಾಡಬ್ಯಾಡ, ಉಣ್ಣು."

"ನಾ ಖರೇನ ಸತ್ತಾಂಗ ಕಂಡೆನೇನು?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಜಂಬವಿತ್ತು.

ರವಿವಾರ ಮುಂಜಾನೆ ಅನಂತ ಕೆಲಸದ ಜಾಗಕ್ಕೆ ಹೋದ ಮೇಲೆ ಅವಳು ಶಾಲೆಯ ಹಿಂದಿನ ಖೋಲಿಗೆ ಹೋದಳು. ನಿಂಬೆವ್ವ ಬಾಗಿಲಲ್ಲಿ ಬಿಸಿಲಿಗೆ ಕುಳಿತು ಗಾದಿ ಹರಿದ ಕಡೆ ಹೊಲಿಗೆ ಹಾಕುತ್ತಿದ್ದಳು. ತಗಡಿನ ಪೆಟ್ಟಿಗೆ ಕಟ್ಟಿ ಹೊರಗಿಟ್ಟಾಗಿತ್ತು.

"ಬರ್ರಿ ಬಾಯಾರ. ಕೂಸಿನ ಕೈ ಹ್ಯಾಂಗದ? ಬೆರಳು ಆಡಸ್ತಾಳಲ್ಲ?"

"ಆಡಸ್ತಾಳ." ನರ್ಮದಾ ಹೊಸ್ತಿಲ ಮೇಲೆ ಕುಳಿತಳು. "ನಿಂಬೆವ್ವ, ಯಾಕ ಹಂಗ ಹೇಳಿದ್ರಿ? ನೀವು ಏನೂ ಮಾಡಿದ್ದಿಲ್ಲ."

ನಿಂಬೆವ್ವ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು.

"ಸಾಂಗ್ಲಿಯೊಳಗ ಆಟ ಇತ್ತು. ನನಗ ಹದಿನೆಂಟು. ಬುರಾನುದ್ದೀನ ಅಂತ ನನ್ನ ಹಿಡಿಯಾಂವ. ಜೋಕಾಲಿಗೆ ಮೊಣಕಾಲು ಸಿಗಸಿ ತಲಿಕೆಳಗ ತೂಗತಿದ್ದ, ನಾ ಈ ಕಡಿಯಿಂದ ಹಾರೋದು. ಹಾರಾಕಿ ಕೈ ಚಾಚಬೇಕು, ಹಿಡೀಬಾರದು. ಅವತ್ತ ಯಾಕೋ ಅಂಜಿಕಿ ಬಂತು. ಆತನ ಬೆರಳಿಗೆ ನಾನೇ ಕೈ ಹಾಕಿದೆ. ಇಬ್ರೂ ಕೆಳಗ ಕಟ್ಟಿದ್ದ ಬಲಿಯೊಳಗ ಬಿದ್ವಿ. ನಾ ಎದ್ದು ಸೆಲ್ಯೂಟ್ ಹೊಡದೆ. ಆತನ ಭುಜ ಹೋತು."

"ಮತ್ತ?"

"ಮಾಲಕರು ಕೇಳಿದ್ರು. ನನ್ನ ಕೈ ತಪ್ತು ಸಾಬ್ ಅಂದ ಆತ. ಸರ್ಕಸ್ಸಿನಾಗ ಅದು ರಿವಾಜು ಬಾಯಾರ. ಯಾರು ಬಿದ್ರೂ ಹಿಡಿಯಾಂವನ ಹೆಸರಿಗೇ. ಹಾರೋರು ಮರುದಿನ ಹಾರಬೇಕಲ್ಲ? ತಪ್ಪು ತಲಿ ಮ್ಯಾಲ ಹೊತ್ಕೊಂಡು ಹ್ಯಾಂಗ ಹಾರ್ತಾರ? ಆಮ್ಯಾಲ ಬುರಾನುದ್ದೀನ ಬಲಿ ಹೊಲ್ಯಾಕ ಕುಂತ. ಮತ್ತ ಮ್ಯಾಲ ಹತ್ತಲಿಲ್ಲ."

"ನೀವು ಹೇಳ್ಲಿಲ್ಲೇನು, ನಂದೇ ತಪ್ಪು ಅಂತ?"

"ಇಲ್ರಿ." ನಿಂಬೆವ್ವ ಸೂಜಿಯನ್ನು ಬಿಸಿಲಿಗೆ ಹಿಡಿದು ದಾರ ಪೋಣಿಸಿದಳು. "ಸುಳ್ಳ್ಯಾಕ ಹೇಳ್ಲಿ, ಹಗರಾತು ನನಗ. ಮರುದಿನ ಹಾರಿದೆ. ಚಪ್ಪಾಳಿ ಬಿದ್ವು. ಹನ್ನೆರಡು ವರ್ಷ ಆದ ಮ್ಯಾಲ ನಾನೇ ಹಿಡಿಯಾಕಿ ಆದೆ. ಮೊದಲನೇ ದಿನ ಬುರಾನುದ್ದೀನನ ಮುಂದ ಹೋಗಿ ನಿಂತೆ, ಏನರ ಹೇಳಬೇಕಂತ. ಆತ, ಹೋಗ ಬೇ, ಕೈಗೆ ಪೌಡರ್ ಹಚ್ಕೋ, ಅಂದ. ಅಷ್ಟೇ."

ಶಾಲೆಯ ಅಂಗಳದಲ್ಲಿ ಯಾರದೋ ಆಡಿನ ಮರಿಗಳು ಧ್ವಜಕಟ್ಟೆ ಹತ್ತಿ ಇಳಿಯುತ್ತಿದ್ದವು.

"ನಾ ಹಾರಾಕಿ ಅಲ್ಲಲ್ಲ ನಿಂಬೆವ್ವ," ಎಂದಳು ನರ್ಮದಾ. "ಬೆಂಚಿನ ಮ್ಯಾಲ ಕೂತು ನೋಡಾಕಿ. ನನಗ್ಯಾಕ ಈ ರಿವಾಜು?"

"ನಿಮಗಲ್ರಿ. ಪಮ್ಮಿಗೆ. ಹಡದವ್ವನೇ ಕೆಡವಿದ್ಲು ಅಂತ ತಿಳಿದ್ರ, ಆ ಕೂಸು ಇನ್ನ ಯಾರ ಕೈಗೆ ಕೈ ಕೊಟ್ಟೀತು?"

"ಆಕಿಗೆ ಗೊತ್ತದ."

ನಿಂಬೆವ್ವ ಹೊಲಿಗೆ ನಿಲ್ಲಿಸಿ ಅವಳ ಮುಖ ನೋಡಿದಳು.

"ಎಲ್ಲಾ ಗೊತ್ತದ ಆಕಿಗೆ. ನಾ ಸತ್ತಾಂಗ ಕಂಡೆನೇನು ಅಂತ ಕೇಳಿದ್ಲು ನನಗ."

"ಹೌದಾ?" ನಿಂಬೆವ್ವನ ಮುಖದಲ್ಲಿ ತಡೆದರೂ ನಗು ಬಂತು. "ಹಂಗ ಕೇಳಿದ್ಲಾ ಆಕಿ? ಕಳ್ಳಿ." ಆಮೇಲೆ ಗಾದಿಯ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತ ಕುಳಿತಳು. ನಿಜ ಮುಚ್ಚಿಟ್ಟು ಇನ್ನು ಕಾಪಾಡಬೇಕಾದದ್ದು ಏನೂ ಉಳಿದಿರಲಿಲ್ಲ, ನರ್ಮದಾಳ ಮರ್ಯಾದೆಯೊಂದರ ಹೊರತು. ಅದು ಇಬ್ಬರಿಗೂ ತಿಳಿಯಿತು. ನರ್ಮದಾ ಎದ್ದಳು.

ಬಸ್‌ಸ್ಟ್ಯಾಂಡಿನ ಎದುರು ದಶರಥನ ಎಸ್‌ಟಿಡಿ ಬೂತು. ರವಿವಾರವಾದ್ದರಿಂದ ಹೊರಗಿನ ಬೆಂಚಿನ ಮೇಲೆ ಮೂವರು ಕಾಯುತ್ತಿದ್ದರು. ಅವರಲ್ಲಿ ಚೌಡಾಪುರದ ಒಬ್ಬ ಮುದುಕಿ ಇವಳನ್ನು ಕಂಡು, "ಇಂಜಿನೇರರ ಮನಿಯಾಕಿ ಅಲ್ಲೇನು? ಮಗಳು ಸರ್ಕಸ್ಸಿನ್ಯಾಗ ಬಿದ್ಲಂತಲ್ಲ ತಾಯಿ," ಎಂದು ಲೊಚಗುಟ್ಟಿದಳು. ನರ್ಮದಾ ಒಂದು ಕ್ಷಣ ಮನೆಗೆ ತಿರುಗಿಬಿಡಬೇಕೆಂದುಕೊಂಡಳು. ಸಂಜೆ ಬಂದರಾಯಿತು, ಅನಂತನಿಗೆ ಮೊದಲು ಹೇಳಿದರಾಯಿತು. ಸರದಿ ಬಂದಾಗ ಮಾತ್ರ ಕಾಲು ತಾನಾಗಿ ಒಳಗೆ ಹೋಯಿತು.

"ಬಾಗಲ ಮುಚ್ಚಬ್ಯಾಡ್ರಿ ಬಾಯಾರ, ಫ್ಯಾನ್ ಕೆಟ್ಟದ, ಉಸರು ಕಟ್ತದ," ಎಂದ ದಶರಥ.

ಬಾಗಿಲು ತೆರೆದೇ ಇತ್ತು. ಜೇವರ್ಗಿಯ ನಂಬರು ಮೂರನೆಯ ಸಲಕ್ಕೆ ಹತ್ತಿತು.

"ಹಲೋ, ಹಣಮಂತ್ರಾಯರೇನ್ರಿ? ನಾ ಅಫಜಲಪುರದಿಂದ. ಅನಂತರಾಯರ ಮನಿಯಾಕಿ."

"ಹೇಳ್ರಿ ತಂಗಿ. ನಿಮ್ಮ ಯಜಮಾನ್ರ ಕಾಗದ ಬಂದದ. ನಾಳಿ ಆಕಿ ಕಥಿ ಮುಗಸ್ತೇವಿ, ನೀವು ಚಿಂತಿ ಮಾಡಬ್ಯಾಡ್ರಿ."

"ಅದಕ್ಕೇ ಫೋನ್ ಮಾಡೇನ್ರಿ. ಆ ಕಾಗದದಾಗ ಇರೋದು ಸುಳ್ಳು. ಅವರಿಗೆ ಗೊತ್ತಿಲ್ಲ, ನಾ ಹೇಳಿದ್ದಿಲ್ಲ. ಹುಡುಗಿ ತಾನಾಗಿ ಬಿದ್ದಿಲ್ರಿ. ನಾ ಓಡಿ ಹೋಗಿ ಜಗ್ಗಿದೆ. ಆಕಿ ಆಟದಾಗ ಸುಮ್ನ ಜೋತಿದ್ಲು, ನನಗ ಹೋದಳೇ ಅನಿಸ್ತು. ಕೆಡವಿದಾಕಿ ನಾನು. ನಿಂಬೆವ್ವನ ಕೈ ಇರಬೇಕಾದಲ್ಲೇ ಇತ್ತು."

ಹೊರಗೆ ಬೆಂಚಿನ ಮೇಲಿನ ಮಾತು ನಿಂತುಹೋಯಿತು. ಆ ಕಡೆ ಹಣಮಂತ್ರಾಯರು ಕೆಮ್ಮಿದರು.

"ಆಕಿ ತಾನೇ ಒಪ್ಪಿಕೊಂಡಾಳಲ್ಲ ತಂಗಿ?"

"ಒಪ್ಪಿಕೊಳ್ಳೋದು ಆಕಿ ಕಲಿತದ್ದು. ಖರೆ ಅಲ್ರಿ ಅದು. ಬೇಕಾದ್ರ ನಾಳಿ ನಾನೇ ಜೇವರ್ಗಿಗೆ ಬಂದು ಎಲ್ಲಾರ ಮುಂದ ಹೇಳ್ತೇನಿ."

"ನೀವು ಬರೋದು ಬ್ಯಾಡ, ಕೂಸಿನ ಹತ್ರ ಇರ್ರಿ. ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಮಂಡಳಿಯೊಳಗ ಉಳಿದವರು ನನಗ ಇದನ್ನೇ ಕೇಳ್ತಾರ. ಪ್ಲಾಸ್ಟರ್ ಬಿಚ್ಚಿದ ಮ್ಯಾಲ ನಿಮ್ಮ ಮಗಳನ್ನ ಮತ್ತ ಆಕಿ ಹತ್ರ ಕಳಸ್ತೀರೇನು?"

ನರ್ಮದಾ ತೆರೆದ ಬಾಗಿಲಿನಾಚೆ ನೋಡಿದಳು. ಮುದುಕಿ ಬಾಯಿ ಬಿಟ್ಟುಕೊಂಡು ಇವಳನ್ನೇ ನೋಡುತ್ತಿದ್ದಳು.

"ಕಳಸ್ತೇನ್ರಿ," ಎಂದಳು. "ಅಂಜಿಕಿ ಹೋಗಿಲ್ಲ, ಆದ್ರೂ ಕಳಸ್ತೇನಿ. ನಾ ಮಾತ್ರ ಶೆಡ್ಡಿನ ಹೊರಗ ಕುಂಡ್ರತೇನಿ."