ಜಂಗ್ಲಿಸಾಬರ ಮಗಳ ಬಣ್ಣವಿಲ್ಲದ ನೀಲಿ

'ಲಿಂಗಸುಗೂರಿನ ವಿಜ್ಞಾನಿಯ ಬಣ್ಣ ಮಸ್ಕಿಯಲ್ಲಿ ಕರಗಿತು.' ಕಳೆದ ವರ್ಷ ಇಲ್ಲಿಯ ಪತ್ರಿಕೆಯೊಂದು ಹೀಗೆ ಅಚ್ಚು ಹಾಕಿತು. ಐದು ಪದಗಳ ತಲೆಬರಹದಲ್ಲಿ ಐದು ತಪ್ಪು ಮಾಡುವುದಕ್ಕೂ ಪ್ರತಿಭೆ ಬೇಕು. ಶಾಜಿಯಾ ಸಿಂಧನೂರಿನವಳು. ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗಿ ರಸಾಯನಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ. ಆಕೆಯನ್ನು ಯಾರೂ ವಿಜ್ಞಾನಿಯಾಗಿ ನೇಮಿಸಿಲ್ಲ. ಪ್ರಮಾದ ನಡೆದದ್ದು ಪಾಮನಕಲ್ಲೂರಿನಲ್ಲಿ. ಕರಗಿದ್ದು ಏನೂ ಇಲ್ಲ. ಬಣ್ಣವಂತೂ ಅಲ್ಲಿ ಮೊದಲಿಗೇ ಇರಲಿಲ್ಲ.

ಈ ಕೊನೆಯ ಮಾತಿಗೆ ವಿವರಣೆ ಅಗತ್ಯ. ಶಾಜಿಯಾ ಅಕ್ಕಿ ಗಿರಣಿಯ ಹೊಟ್ಟಿನ ಬೂದಿಯಿಂದ ಸಿಲಿಕಾ ತೆಗೆದು, ಅದನ್ನು ಒಂದೇ ಗಾತ್ರದ ಗುಂಡು ಕಣಗಳಾಗಿ ಬೆಳೆಸುತ್ತಾಳೆ. ತಲೆಗೂದಲೊಂದರ ಅಗಲದಲ್ಲಿ ಸುಮಾರು ಮುನ್ನೂರು ಕಣಗಳು ಸಾಲಾಗಿ ನಿಲ್ಲಬಲ್ಲವು. ಚಿಟಿಕೆ ಮಸಿಯೊಡನೆ ಅವನ್ನು ತಗಡಿನ ಮೇಲೆ ಸಿಂಪಡಿಸಿ ಒಣಗಿಸಿದರೆ, ಕಣಗಳೂ ನಡುವಿನ ಗಾಳಿಯೂ ಸೇರಿ ಬೆಳಕಿನೊಳಗಿನ ನೀಲಿಯನ್ನಷ್ಟೇ ನಮ್ಮ ಕಣ್ಣಿಗೆ ಮರಳಿಸುತ್ತವೆ. ನವಿಲುಗರಿಯ ನೀಲಿಯೂ ಇದೇ ಕುಲದ್ದು. ಬಣ್ಣದ ಪುಡಿಯೇ ಇಲ್ಲದ ಮೇಲೆ ಬಿಸಿಲಿಗೆ ಮಾಸುವುದು ಏನು?

ಆಕೆಗೆ ಬೇಕಾಗಿದ್ದುದು ಪ್ರಶಸ್ತಿಯಲ್ಲ. ತಂದೆ ಜಂಗ್ಲಿಸಾಬರು ಸಿಂಧನೂರಿನಲ್ಲಿ ಲಾರಿ, ಟ್ರ್ಯಾಕ್ಟರುಗಳಿಗೆ ಬಣ್ಣ ಹೊಡೆಯುವವರು. ಅವರ ಗ್ಯಾರೇಜಿನಲ್ಲಿ ಗಿರಾಕಿಗಳ ವಾಹನಕ್ಕೆ ತನ್ನ ನೀಲಿ ಹಚ್ಚುವ ಅನುಮತಿ ಬೇಕಾಗಿತ್ತು. ಬಹಳ ಕಾಡಿದ ಮೇಲೆ ಒಂದು ಟ್ರ್ಯಾಕ್ಟರಿನ ಬಾನೆಟ್ ಸಿಕ್ಕಿತು, ಪಾಮನಕಲ್ಲೂರಿನ ರೈತ ಬಸ್ಸಪ್ಪನವರದು.

"ಇದೊಂದು ನಿಂತರ ಮುಂದ ನೋಡೂಣು," ಎಂದರು ಜಂಗ್ಲಿಸಾಬರು. "ಹೋತಂದ್ರ ನಿನ್ನ ಬೂದಿ ಹೊತಗೊಂಡು ಕಾಲೇಜಿಗೇ ನಡಿ. ಮತ್ತ ಈ ಕಡಿ ತರಬ್ಯಾಡ."

ಶಾಜಿಯಾಳ ನೀಲಿ ಹೊತ್ತು ಟ್ರ್ಯಾಕ್ಟರ್ ಊರಿಗೆ ಹೋಯಿತು. ಮಹಾನವಮಿ ಬಂತು. ನಮ್ಮ ಸೀಮೆಯಲ್ಲಿ ಟ್ರ್ಯಾಕ್ಟರನ್ನು ತೊಳೆದರೆ ಪೂಜೆಗೆ ಸಾಲದು; ಮಿರುಗುವಂತೆ ಎಣ್ಣೆ ಒರೆಸಬೇಕು. ಬಸ್ಸಪ್ಪ ಭಕ್ತಿಯಿಂದ ಶೇಂಗಾ ಎಣ್ಣೆಯನ್ನೇ ಒರೆಸಿದರು. ಎಣ್ಣೆ ಕಣಗಳ ನಡುವಿನ ಗಾಳಿಯ ಜಾಗವನ್ನು ತುಂಬಿತು. ಬೆಳಕಿಗೆ ಎಣ್ಣೆಯೂ ಸಿಲಿಕಾವೂ ಹೆಚ್ಚುಕಡಿಮೆ ಒಂದೇ. ನೀಲಿ ಮಾಯವಾಗಿ ಮಸಿಯ ಕಪ್ಪಷ್ಟೇ ಉಳಿಯಿತು.

ಚೆಂಡುಹೂವಿನ ಮಾಲೆಯ ಸಮೇತ ಟ್ರ್ಯಾಕ್ಟರ್ ಗ್ಯಾರೇಜಿಗೆ ಬಂತು. ಹಬ್ಬದ ಸುದ್ದಿ ಹುಡುಕುತ್ತಿದ್ದ ಆ ಪತ್ರಿಕೆಯ ವರದಿಗಾರನೂ ಹಿಂದೆಯೇ ಬಂದ.

"ಏನ್ರೀ ಸಾಬ್ರ, ಮಂಗಳಾರತಿ ಮುಗ್ಯೂದ್ರಾಗ ನನ್ನ ಟ್ರ್ಯಾಕ್ಟರ್ ಎಮ್ಮಿ ಆಗೈತಲ್ರೀ!" ಎಂದರು ಬಸ್ಸಪ್ಪ.

"ಎಣ್ಣಿ ಯಾಕ ಹಚ್ಚಿದ್ರಿ ಮಾಮಾ?" ಎಂದಳು ಶಾಜಿಯಾ.

"ಹಬ್ಬಕ್ಕ ಎಣ್ಣಿ ಹಚ್ಚಲಾರದ ಮಸರು ಹಚ್ಚಲೇನವಾ?"

ಶಾಜಿಯಾ ಬಾನೆಟ್ಟನ್ನು ಮತ್ತೆ ಮತ್ತೆ ಪೆಟ್ರೋಲಿನಿಂದ ತೊಳೆದು ಒಣಗಲು ಬಿಟ್ಟಳು. ನೀಲಿ ಮರಳಿ ಬಂತು. ಅಷ್ಟರಲ್ಲಿ ವರದಿಗಾರ ಮಹಾಶಯರು ಚಹಾ ಮುಗಿಸಿ, ಸತ್ಯ ಒಣಗುವ ಮುನ್ನವೇ ಹೊರಟುಹೋಗಿದ್ದರು.

ಜಂಗ್ಲಿಸಾಬರು ಮಾತ್ರ ಕರಗಲಿಲ್ಲ. "ನೀಲಿ ಬಂತು, ಖರೆ. ಆದ್ರ ಎಣ್ಣಿ ತಾಗದ ಟ್ರ್ಯಾಕ್ಟರ್ ಎಲ್ಲೈತಿ ಬೇಟಾ? ಶೋಕೇಸಿನ್ಯಾಗೇನು?" ಎಂದವರೇ ಬಾನೆಟ್ಟಿಗೆ ಡಬ್ಬಿಯ ಬಣ್ಣವನ್ನೇ ಹೊಡೆದು ಕಳಿಸಿದರು.

ನ್ಯಾಯವಾದ ಪ್ರಶ್ನೆ. ಶಾಜಿಯಾ ಮನೆಯ ಹಿತ್ತಲಲ್ಲಿ ತಗಡಿನ ತುಂಡುಗಳ ಮೇಲೆ ನೀಲಿ ಹಚ್ಚಿ, ಅದರ ಮೇಲೆ ಬಣ್ಣವಿಲ್ಲದ ವಾರ್ನಿಷ್ ಬಳಿದಳು. ತೆಳು ವಾರ್ನಿಷ್ ತಾನೇ ಕಣಗಳ ಸಂದಿಗೆ ಇಳಿದು, ಎಣ್ಣೆಯ ಕೆಲಸವನ್ನು ಎಣ್ಣೆಗಿಂತ ಮೊದಲೇ ಮಾಡಿ ಮುಗಿಸಿತು. ತಗಡುಗಳೆಲ್ಲ ಕಪ್ಪಾದವು. ಜಂಗ್ಲಿಸಾಬರು ಅವುಗಳಲ್ಲೊಂದನ್ನು ಒಲೆಯ ಬಳಿ ಇಟ್ಟು, "ರೊಟ್ಟಿ ಹಂಚು ಛಲೋ ಮಾಡೀದಿ," ಎಂದರು.

ಕೊನೆಗೆ ಆಕೆ ಕ್ರಮ ಬದಲಿಸಿದಳು. ಮೊದಲು ನೀಲಿ ಹಚ್ಚಿದ ತಗಡನ್ನು ಕಾಯಿಸಿ ಕಣಗಳು ಒಂದಕ್ಕೊಂದು ಬಿಗಿಯುವಂತೆ ಮಾಡಿ, ಆಮೇಲೆ ಅರ್ಧ ಗಟ್ಟಿಯಾದ ವಾರ್ನಿಷನ್ನು ಪದರವಾಗಿ ಹರಡಿದಳು. ಅದು ಕೆಳಗಿಳಿಯದೆ ಮೇಲೆಯೇ ಕುಳಿತಿತು. ಗಾಳಿ ಒಳಗೆ ಉಳಿಯಿತು.

ಪರೀಕ್ಷೆಯನ್ನು ಜಂಗ್ಲಿಸಾಬರೇ ನಡೆಸಿದರು. ಡೀಸೆಲ್ ಸುರಿದರು, ಶೇಂಗಾ ಎಣ್ಣೆ ಸುರಿದರು, ಗೋಣಿತಾಟಿನಿಂದ ತಿಕ್ಕಿದರು, ಕೀಲಿಯಿಂದ ಕೆರೆದರು. ನೀಲಿ ಅಲುಗಲಿಲ್ಲ. ಮಗಳು ಗೆದ್ದಳೆಂಬ ಸಂತೋಷವೇನೂ ಅವರ ಮುಖದಲ್ಲಿ ಕಾಣಲಿಲ್ಲ.

"ಇದು ಹೋಗಂಗೇ ಇಲ್ಲಂದ್ರ ಮುಂದಿನ ವರ್ಷ ಯಾವ ಗಿರಾಕಿ ಬರ್ತಾನ ಬೇ? ಅಂಗಡಿ ಮುಚ್ಚಿಸಾಕ ನಿಂತೀಯೇನು?"

"ಅಬ್ಬಾಜಾನ್, ನಮ್ಮ ಮಂದಿ ಬಣ್ಣ ಹೋಗೈತಂತ ಬರ್ತಾರೇನು? ಬಾಜೂದವನ ಟ್ರ್ಯಾಕ್ಟರ್ ಮಿಂಚಾಕತೈತಂತ ಬರ್ತಾರ."

ಜಂಗ್ಲಿಸಾಬರಿಗೆ ಇದು ಗೊತ್ತಿದ್ದದ್ದೇ. ಅವರ ಸಂಸಾರ ಇಷ್ಟು ವರ್ಷ ನಡೆದದ್ದೇ ಆ ಹೊಟ್ಟೆಕಿಚ್ಚಿನ ಮೇಲೆ. ಸ್ಪ್ರೇ ಗನ್ನಿನ ಮೂತಿ ಒರೆಸಿ ಮಗಳ ಕೈಗೆ ಕೊಟ್ಟು, ಅಂಗಳದಲ್ಲಿ ಸರದಿ ಕಾಯುತ್ತಿದ್ದ ಲಾರಿಯ ಬಾಗಿಲನ್ನು ತೋರಿಸಿದರು.