ಇಪ್ಪತ್ತೊಂಬತ್ತು ಜನರ ದಳ

ನೆವಿಲ್ ಹಾಲಮ್ ಮ್ಯಾನ್ಸ್‌ಫೀಲ್ಡ್‌ನಲ್ಲಿ ಇಪ್ಪತ್ತಾರು ವರ್ಷ ಬಸ್ ಓಡಿಸಿದ. ಮಾರ್ಚ್‌ನ ಎರಡನೇ ವಾರ ಮನೆಯ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾಗ ಸತ್ತ. ಒಂದು ಬೂಟು ಕಟ್ಟಿಯಾಗಿತ್ತು. ನಲವತ್ತು ವರ್ಷ ಅವನು ನನ್ನ ಗೆಳೆಯನಾಗಿದ್ದ.

ಅವನಿಗೆ ಇದ್ದದ್ದು ಒಂದೇ ಹಠ. ಜೂನ್‌ನಲ್ಲಿ ನಮ್ಮ ಕ್ಲಬ್ಬಿನವರು ಮೇಜಿನ ಮೇಲೆ ಆಡುವ ವಾಟರ್‌ಲೂ ಕದನಕ್ಕೆ, ಹೆಬ್ಬೆರಳುದ್ದದ ಮೂವತ್ತಾರು ಸೀಸದ ಸಿಪಾಯಿಗಳಿಗೆ ತಾನೇ ಬಣ್ಣ ಹಚ್ಚಿ, ಕೆಂಪು ಕೋಟಿನ ಒಂದು ದಳ ಇಳಿಸಬೇಕು. ಬಿಡುವೆಂದರೆ ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲುವ ಹನ್ನೊಂದು ನಿಮಿಷ. ಸಿಪಾಯಿಯನ್ನು ಬಾಟಲಿ ಮುಚ್ಚಳಕ್ಕೆ ಅಂಟಿಸಿ, ಸ್ಟೀರಿಂಗ್ ಮೇಲೆ ಮೊಣಕೈ ಊರಿ ಕೂರುತ್ತಿದ್ದ. ಕುಂಚ ತೊಳೆದ ನೀರನ್ನು ಚಹಾ ಎಂದು ಎರಡು ಸಲ ಕುಡಿದಿದ್ದ. ರುಚಿಯಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ ಎಂದ.

"ಯಾವಾಗಪ್ಪಾ ಬಿಡೋದು?" ಎಂದು ಹಿಂದಿನ ಸೀಟಿನ ಅಜ್ಜಿ ಕೇಳಿದರೆ, "ಇವನ ಬೆಲ್ಟು ಒಣಗ್ಲಿ ಕಣಜ್ಜಿ" ಎನ್ನುತ್ತಿದ್ದ. ಆದರೆ ಬಸ್ಸು ಒಂದು ದಿನವೂ ತಡವಾಗಲಿಲ್ಲ.

ನಾವೆಲ್ಲ ಮೊದಲು ಎಲ್ಲ ಸಿಪಾಯಿಗಳ ಕೋಟು, ಆಮೇಲೆ ಎಲ್ಲರ ಪ್ಯಾಂಟು ಎಂದು ಹಚ್ಚುತ್ತೇವೆ. ನೆವಿಲ್ ಒಬ್ಬನನ್ನು ಪೂರ್ತಿ ಮುಗಿಸದೆ ಇನ್ನೊಬ್ಬನನ್ನು ಮುಟ್ಟುತ್ತಿರಲಿಲ್ಲ. ತಿಂಗಳಿಗೆ ಇಬ್ಬರು. ಹಾಗಾಗಿ ಅವನ ಹೆಂಡತಿ ಲಿನೆಟ್ ನನ್ನ ಕೈಗೆ ಕೊಟ್ಟ ಬಿಸ್ಕತ್ ಡಬ್ಬಿಯಲ್ಲಿ ಇಪ್ಪತ್ತೊಂಬತ್ತು ಜನ ಯುದ್ಧಕ್ಕೆ ಸಿದ್ಧರಿದ್ದರು, ಏಳು ಜನ ಬರೀ ಸೀಸ.

ಬಣ್ಣವಿಲ್ಲದವನು ಮೇಜು ಹತ್ತುವಂತಿಲ್ಲ. ನಮ್ಮ ಕ್ಲಬ್ಬಿನಲ್ಲಿ ಯಾರೂ ಮುರಿಯದ ನಿಯಮ ಅದೊಂದೇ.

"ಏಳೇ ಜನ ತಾನೆ? ಆಳಿಗೊಂದು ಹಂಚ್ಕೊಂಡ್ರೆ ವಾರದಲ್ಲಿ ಮುಗಿಯುತ್ತೆ" ಎಂದ ಕ್ಲಬ್ಬಿನ ಗ್ರೆಗ್.

"ನೀನು ಹಚ್ಚಿದೋರೆಲ್ಲ ಕುಡಿದೋರ ಥರ ಕಾಣ್ತಾರೆ" ಎಂದೆ.

"ಸಿಪಾಯಿಗಳು ಕಣಯ್ಯ, ಕುಡಿದೇ ಇರ್ತಾರೆ."

ಬೇಡ ಎಂದೆ. ಅದು ನೆವಿಲ್‌ನ ಕೈಯ ದಳವಾಗಿಯೇ ಇಳಿಯಬೇಕಿತ್ತು. ಹಾಗೆ ಹೇಳಲು ಹೋದವನು ಡಬ್ಬಿಯ ಮುಚ್ಚಳ ಹಾಕಿದೆ. ಎಲ್ಲರೂ ತಮ್ಮ ತಮ್ಮ ಚಹಾದ ಕಪ್ಪು ನೋಡಿಕೊಂಡರು.

ತೀರ್ಪುಗಾರ ಬರ್ನಾರ್ಡ್ ನಿವೃತ್ತ ಗಣಿತದ ಮೇಷ್ಟ್ರು. ಕನ್ನಡಕ ಒರೆಸಿಕೊಂಡು ಹೇಳಿದರು: "ಲೆಕ್ಕಕ್ಕೆ ಸರಿಯಾಗಿ ಎಲ್ಲರೂ ಇದ್ದ ದಳ ಚರಿತ್ರೆಯಲ್ಲಿ ಯಾವುದಿದೆ? ಏಳು ಜನ ದಾರೀಲಿ ಜ್ವರ ಬಂದು ಮಲಗಿದಾರೆ. ಬರ್ಕೊಳ್ಳಿ."

ಗ್ರೆಗ್ ಬರೆದುಕೊಂಡ.

"ಆದ್ರೆ ಜನ ಕಮ್ಮಿ. ಬೇಗ ಓಡಿಹೋಗ್ತಾರೆ. ಆಮೇಲೆ ನನ್ನ ಹತ್ರ ವಾದ ಮಾಡ್ಬಾರ್ದು" ಎಂದರು ನನಗೆ.

"ಓಡ್ಲಿ ಬಿಡಿ ಸಾರ್."

ಜೂನ್‌ನ ಮೂರನೇ ಭಾನುವಾರ ಲಿನೆಟ್ ಮೊದಲ ಸಲ ಕ್ಲಬ್ಬಿಗೆ ಬಂದಳು. ಕೋಟು ಬಿಚ್ಚದೆ ಗೋಡೆ ಪಕ್ಕ ಕೂತಳು. ನೆವಿಲ್‌ನ ದಳವನ್ನು ನಾನು ಆಡಿಸಿದೆ. ಎದುರಾಳಿಯ ಕುದುರೆಗಳು ಎರಡು ಸಲ ನುಗ್ಗಿ ಬಂದವು, ಎರಡು ಸಲವೂ ನಮ್ಮವರು ನಿಂತರು. ನಿಲ್ಲುತ್ತಾರೋ ಓಡುತ್ತಾರೋ ಎಂದು ಮೂರನೇ ಸಲ ದಾಳ ಹಾಕಿದೆ, ಒಂದು ಬಿತ್ತು. ಬರ್ನಾರ್ಡ್ ನನ್ನ ಮುಖ ನೋಡಲಿಲ್ಲ. ಇಪ್ಪತ್ತೊಂಬತ್ತೂ ಜನರನ್ನು ಮೇಜಿನ ಅಂಚಿಗೆ ಸರಿಸಿ, ಕೆಳಗಿಳಿಸಿದೆ.

ಲಿನೆಟ್ ಎದ್ದು ಹತ್ತಿರ ಬಂದಳು.

"ಏನಾಯ್ತು?"

"ಓಡಿಹೋದ್ರು ಕಣಮ್ಮ."

"ಎಲ್ರೂ ಒಟ್ಟಿಗೇನಾ?"

"ಒಟ್ಟಿಗೇ."

"ಸದ್ಯ" ಎಂದಳು.